ಔಷಧ ಬಿಟ್ಟ ಕಾರಣ

ಎರಡೂ ಕೈ ಸೇರಿಸಿ ಬೊಗಸೆ ಹಿಡಿದರೆ ಗುಳಿಗೆ ಹಿಡಿಯಲು ಮೂರನೇ ಕೈ ಬೇಕು. ಆ ಮೂರನೇ ಕೈಯನ್ನು ದೇವರು ಊರಿನವರಿಗೂ ಕೊಟ್ಟಿಲ್ಲ, ಕಾಲೋನಿಯವರಿಗೂ ಕೊಟ್ಟಿಲ್ಲ. ಊರಿನವರಿಗೆ ಅದು ಬೇಕಾಗಿಯೂ ಇಲ್ಲ, ಅವರ ಕೈಗೆ ಲೋಟ ಬರುತ್ತದೆ. ಬೇಕಾದದ್ದು ಓಬವ್ವನ ಮಗಳು ಅನುಸೂಯಳಿಗೆ. ಸೋಮವಾರ, ಬುಧವಾರ, ಶುಕ್ರವಾರ. ಒಂದೊಂದು ಸಲಕ್ಕೆ ಏಳು ಗುಳಿಗೆ.

ಎರಡು ಸಾವಿರದ ನಾಲ್ಕನೇ ಇಸವಿಯ ಮಾತು. ಹೊಸದುರ್ಗ ತಾಲ್ಲೂಕಿನ ಕರಿಬಂಡೆಹಳ್ಳಿಯಲ್ಲಿ ಊರು ಬೇರೆ, ಕಾಲೋನಿ ಬೇರೆ. ನಡುವೆ ಒಂದು ತೆಂಗಿನ ತೋಟ, ಒಂದು ಒಣಹಳ್ಳ. ತೋಟದ ಆಚೆಗಿರುವ ನಾರಿನ ಫ್ಯಾಕ್ಟರಿಯಲ್ಲಿ ಓಬವ್ವ ಹದಿನಾಲ್ಕು ವರ್ಷದಿಂದ ಕಾಯಿಮಟ್ಟೆ ಹೊತ್ತವಳು. ನೆನೆದ ಮಟ್ಟೆಯನ್ನು ಬುಟ್ಟಿಗೆ ತುಂಬಬೇಕು. ತಲೆ ಮೇಲೆ ಹೊರಬೇಕು. ಮಿಷನ್ನಿನ ಬಾಯಿಗೆ ಸುರಿಯಬೇಕು. ನಾರು ಒಂದು ಕಡೆ ಬೀಳುತ್ತದೆ, ಪುಡಿಯೆಲ್ಲ ಮೈಮೇಲೆ ಬೀಳುತ್ತದೆ. ಸಂಜೆ ಮೂಗು ಸೀಟಿದರೆ ಸೆರಗು ಕಂದು ಬಣ್ಣಕ್ಕೆ ತಿರುಗುತ್ತಿತ್ತು. ಗಂಡ ಅದೇ ಫ್ಯಾಕ್ಟರಿಯಲ್ಲಿ ಕೆಮ್ಮಿ ಕೆಮ್ಮಿ ಸತ್ತ. ಏನು ರೋಗ ಅಂತ ಯಾರೂ ಪರೀಕ್ಷೆ ಮಾಡಲಿಲ್ಲ. ಮಗಳು ಏಳನೇ ಕ್ಲಾಸು ಮುಗಿಸಿ ಅಪ್ಪನ ಜಾಗಕ್ಕೆ ಹೋದಳು. ಹತ್ತೊಂಬತ್ತಕ್ಕೆ ಅವಳಿಗೂ ಕೆಮ್ಮು ಹತ್ತಿತು.

ಈ ಸಲ ಕಫ ಪರೀಕ್ಷೆ ಆಯಿತು. ಟಿ.ಬಿ. ಅಂದರು. ಆಸ್ಪತ್ರೆಯ ಡಾಕ್ಟರು ಪರಮೇಶ್ವರಪ್ಪ ಓಬವ್ವನನ್ನು ಎದುರಿಗೆ ನಿಲ್ಲಿಸಿಕೊಂಡು ಹೇಳಿದ್ದರು.

"ಆರು ತಿಂಗಳು ತಪ್ಪದೆ ನುಂಗಿದ್ರೆ ನಿನ್ ಮಗಳು ಗುಂಡುಕಲ್ಲಿನ ಹಂಗೆ ಆಗ್ತಾಳೆ. ಮಧ್ಯಕ್ಕೆ ಬಿಟ್ರೆ ಮಾತ್ರ ನನ್ ಹತ್ರ ಅಳ್ತಾ ಬರಬ್ಯಾಡ."

ಸರ್ಕಾರದ ಹೊಸ ಪದ್ಧತಿ ಅದು. ರೋಗಿಯ ಹೆಸರು ಬರೆದ ಒಂದು ಪೆಟ್ಟಿಗೆ, ಅದರೊಳಗೆ ಅಷ್ಟೂ ತಿಂಗಳ ಗುಳಿಗೆ. ಪೆಟ್ಟಿಗೆಯನ್ನು ರೋಗಿಯ ಕೈಗೆ ಕೊಡುವುದಿಲ್ಲ, ಮನೆಯವರ ಕೈಗೂ ಕೊಡುವುದಿಲ್ಲ. ಊರಿನಲ್ಲಿ ಜವಾಬ್ದಾರಿ ಇರುವ ಒಬ್ಬರ ಮನೆಯಲ್ಲಿ ಇಡುತ್ತಾರೆ. ರೋಗಿ ಅವರ ಮನೆಗೆ ಹೋಗಿ, ಅವರ ಕಣ್ಣೆದುರಿಗೇ ನುಂಗಬೇಕು. ನುಂಗಿದ ಮೇಲೆ ಅವರು ಕಾರ್ಡಿನಲ್ಲಿ ಗುರುತು ಹಾಕುತ್ತಾರೆ. ಒಳ್ಳೆಯ ಪದ್ಧತಿ. ಎಷ್ಟೋ ಜನ ಬದುಕಿದರು. ಪದ್ಧತಿ ಮಾಡಿದವರು ಜವಾಬ್ದಾರಿ ಇರುವವರ ಮನೆಯ ಹೊಸ್ತಿಲನ್ನು ಮಾತ್ರ ನೋಡಿರಲಿಲ್ಲ.

ಕರಿಬಂಡೆಹಳ್ಳಿಯಲ್ಲಿ ಜವಾಬ್ದಾರಿ ಇರುವವರು ಅಂದರೆ ಅಂಗನವಾಡಿ ಟೀಚರು ಮರುಳಸಿದ್ದಮ್ಮ. ಕೆಟ್ಟ ಹೆಂಗಸು ಅಂತ ಊರಿನಲ್ಲಿ ಯಾರೂ ಹೇಳುವುದಿಲ್ಲ. ಬಸುರಿ ಬಾಣಂತಿಯರ ಕಷ್ಟಕ್ಕೆ ಓಡಿ ಬರುತ್ತಾಳೆ. ಆದರೆ ಅವಳು ಜಗಲಿಯ ಮೇಲೆ ನಿಲ್ಲುತ್ತಿದ್ದಳು, ಅನುಸೂಯ ಕೆಳಗೆ ಅಂಗಳದಲ್ಲಿ ನಿಲ್ಲಬೇಕಿತ್ತು. ಗುಳಿಗೆಗಳು ಮೇಲಿಂದ ಅಂಗೈಗೆ ಬೀಳುತ್ತಿದ್ದವು. ನೀರೂ ಮೇಲಿಂದಲೇ ಬೀಳುತ್ತಿತ್ತು, ಬೊಗಸೆಗೆ.

ಮೊದಲ ದಿನ ಅನುಸೂಯ ಒಂದೊಂದೇ ನುಂಗಲು ನೋಡಿದಳು. ಒಂದು ಗುಳಿಗೆ ಬಾಯಿಗೆ ಹಾಕಿಕೊಂಡು ಉಳಿದ ಆರನ್ನು ಸೆರಗಿನ ತುದಿಯಲ್ಲಿ ಹಿಡಿದು ಬೊಗಸೆ ಒಡ್ಡಿದಳು.

"ಏಳು ಸಲ ಬಗ್ಗಿ ನೀರು ಹುಯ್ತಾ ನಿಂತ್ಕಂಬಾಕಾಗುತ್ತೇನೇ? ಮಕ್ಳಿಗೆ ಉಪ್ಪಿಟ್ಟು ಬೇಯಿಸ್ಬೇಕು ನಾನು. ಎಲ್ಲಾ ಒಂದೇ ಸಲ ಹಾಕ್ಯ" ಅಂದಳು ಮರುಳಸಿದ್ದಮ್ಮ.

ಎಲ್ಲಾ ಒಂದೇ ಸಲ ಹಾಕಿಕೊಂಡಳು. ಏಳು ಗುಳಿಗೆ ಒಣಬಾಯಲ್ಲಿ. ಆಮೇಲೆ ಬೊಗಸೆ. ಆಮೇಲೆ ಚೊಂಬು ತರಲು ಟೀಚರಮ್ಮ ಒಳಗೆ ಹೋಗಿ ಬರುವುದು. ಅಷ್ಟರಲ್ಲಿ ಗುಳಿಗೆ ಕರಗಿ ನಾಲಿಗೆ ತುಂಬ ವಿಷದಂಥ ಕಹಿ. ಬಿದ್ದ ನೀರಿನಲ್ಲಿ ಅರ್ಧ ಮೊಣಕೈಗೆ ಇಳಿದು ಹೋಗುತ್ತಿತ್ತು. ಉಳಿದ ಅರ್ಧದಲ್ಲಿ ಏಳೂ ಗಂಟಲಿಗೆ ಇಳಿಯಬೇಕು. ಇಳಿಯದೆ ಕೆಮ್ಮಿದರೆ, "ಆ ಕಡೆ ತಿರುಗೇ! ನನ್ ಮನೆ ಮಂದಿಗೆಲ್ಲಾ ಅಂಟಿಸ್ಬೇಕಂತ ಮಾಡಿದೀಯ?" ಅನ್ನುವ ಬೈಗುಳ.

ಎರಡನೇ ವಾರ ಓಬವ್ವ ಮಗಳ ಕೈಗೆ ಮನೆಯ ಚೊಂಬನ್ನೇ ತುಂಬಿ ಕೊಟ್ಟು ಕಳಿಸಿದಳು. ಮರುಳಸಿದ್ದಮ್ಮ ಅಂಗಳದ ಬಾಯಲ್ಲೇ ತಡೆದಳು. ರೋಗದ ಚೊಂಬನ್ನು ನೀರಿನ ತೊಟ್ಟಿ ಇರುವ ಅಂಗಳಕ್ಕೆ ತರಬೇಡ ಅಂದಳು. ಹಾಗಾದರೆ ಗುಳಿಗೆ ಕೊಡಿ, ಮನೆಗೆ ಹೋಗಿ ನುಂಗುತ್ತೇನೆ ಅಂದಳು ಅನುಸೂಯ. ರೂಲ್ಸು ಒಪ್ಪಲ್ಲ ಅಂದಳು ಟೀಚರಮ್ಮ. ಅವಳ ರೂಲ್ಸು ಒಂದು ಕಡೆ, ಸರ್ಕಾರದ ರೂಲ್ಸು ಒಂದು ಕಡೆ, ನಡುವೆ ಸಿಕ್ಕಿಬಿದ್ದದ್ದು ಈ ಹುಡುಗಿಯ ಗಂಟಲು.

ಅದೇ ಊರಿನಲ್ಲಿ ಅದೇ ರೋಗ ಗಂಗಾಧರಪ್ಪನಿಗೂ ಬಂದಿತ್ತು, ತೆಂಗಿನ ತೋಟದ ಗಂಗಾಧರಪ್ಪನಿಗೆ. ಅವನ ಪೆಟ್ಟಿಗೆಯೂ ಮರುಳಸಿದ್ದಮ್ಮನ ಮನೆಯಲ್ಲೇ ಇತ್ತು. ಅವನು ಬಂದರೆ ಜಗಲಿಯ ಮೇಲೆ ಚಾಪೆ. ಬಿಸಿನೀರು ಲೋಟದಲ್ಲಿ. ಎಷ್ಟೋ ಸಲ ಟೀಚರಮ್ಮನೇ ಗುಳಿಗೆ ಹಿಡಿದು ಅವನ ಮನೆಗೆ ಹೋಗುತ್ತಿದ್ದಳು. ಆರು ತಿಂಗಳಿಗೆ ಗಂಗಾಧರಪ್ಪ ವಾಸಿಯಾದ. ವಾಸಿಯಾದವರ ಲೆಕ್ಕಕ್ಕೆ ಸೇರಿದ.

ಆರನೇ ವಾರದ ಶುಕ್ರವಾರ ಅನುಸೂಯ ವಾಂತಿ ಮಾಡಿಕೊಂಡಳು. ಆಗತಾನೆ ಸಾರಿಸಿ ರಂಗೋಲಿ ಬಿಟ್ಟ ಅಂಗಳದಲ್ಲಿ. ಗುಳಿಗೆಯ ಬಣ್ಣಕ್ಕೆ ವಾಂತಿಯೆಲ್ಲ ಕೆಂಪು. ಮರುಳಸಿದ್ದಮ್ಮ ರಕ್ತ ಅಂತಲೇ ಕೂಗಿಕೊಂಡಳು. ಅಕ್ಕಪಕ್ಕದವರು ಬಂದು ನಿಂತರು. ಟೀಚರಮ್ಮ ಸಗಣಿ ಬುಟ್ಟಿ ತೋರಿಸಿ, "ನೀನೇ ಬಳಿದು ಹೋಗು" ಅಂದಳು. ನಿಲ್ಲಲು ತ್ರಾಣವಿಲ್ಲದ ಹುಡುಗಿ ಮೊಣಕಾಲೂರಿ ಇಡೀ ಅಂಗಳ ಸಾರಿಸಿದಳು. ಒಂದು ಕೈಲಿ ಸಗಣಿ, ಒಂದು ಕೈಲಿ ಎದೆ ಹಿಡಿದುಕೊಂಡು. ಹತ್ತು ಜನ ನೋಡುತ್ತ ನಿಂತಿದ್ದರು. ಒಬ್ಬರೂ ಒಂದು ಚೊಂಬು ನೀರು ಕೊಡಲಿಲ್ಲ.

"ಸತ್ರೂ ಹೋಗಲ್ಲ ಕಣವ್ವ" ಅಂದಳು ಮನೆಗೆ ಬಂದು.

ಓಬವ್ವ ಬೈದಳು, ಅತ್ತಳು, ಕಾಲು ಹಿಡಿದಳು. ಹುಡುಗಿ ಜಗ್ಗಲಿಲ್ಲ. ಕೆಮ್ಮೂ ಸ್ವಲ್ಪ ಕಡಿಮೆಯಾಗಿತ್ತು. ಮಟ್ಟೆ ಹೊರಲು ಮತ್ತೆ ಹೊರಟಳು. ಮೂರು ತಿಂಗಳು ಯಾರೂ ಏನೂ ಕೇಳಲಿಲ್ಲ. ಮರುಳಸಿದ್ದಮ್ಮ ಕಾರ್ಡಿನಲ್ಲಿ 'ಬರಲಿಲ್ಲ' ಅಂತ ಬರೆದಳು, ಮುಗಿಯಿತು. ಮೂರು ತಿಂಗಳ ಮೇಲೆ ಮಿಷನ್ನಿನ ಮುಂದೆ ಕೆಮ್ಮಿದ ಅನುಸೂಯಳ ಸೆರಗಿಗೆ ನಿಜವಾಗಿಯೂ ರಕ್ತ ಬಂತು.

ಅವತ್ತಿನಿಂದ ಓಬವ್ವನಿಗೆ ಕುಂತಲ್ಲಿ ಕೂರಲಾಗಲಿಲ್ಲ. ಒಲೆ ಮುಂದೆ ಕುಂತರೆ ಎದ್ದು ಹೋಗಿ ಮಗಳ ಎದೆ ಮುಟ್ಟಿ ನೋಡುವಳು. ಫ್ಯಾಕ್ಟರಿಯಲ್ಲಿ ಬುಟ್ಟಿ ಅರ್ಧಕ್ಕೆ ಇಳಿಸಿ ಮನೆಗೆ ಓಡುವಳು. ಗಂಡ ಕೆಮ್ಮುತ್ತಿದ್ದ ಸದ್ದು ಅವಳ ಕಿವಿಯಲ್ಲಿ ಇನ್ನೂ ಇತ್ತು. ಅದೇ ಸದ್ದು, ಅದೇ ಎಳೆತ. ಇದು ಎಷ್ಟು ತಿಂಗಳ ಸದ್ದು ಅಂತ ಅವಳಿಗೆ ಗೊತ್ತಿತ್ತು.

ಮಗಳನ್ನು ಎಳೆದುಕೊಂಡು ಆಸ್ಪತ್ರೆಗೆ ಹೋದಳು. ಪರಮೇಶ್ವರಪ್ಪ ಹಳೇ ಕಾರ್ಡು ನೋಡಿ ಕನ್ನಡಕ ತೆಗೆದರು.

"ನಾನೇನು ಹೇಳಿದ್ದೆ? ಈಗ ಎರಡನೇ ಪೆಟ್ಟಿಗೆ ಕೊಡ್ಬೇಕು. ಎಂಟು ತಿಂಗಳು. ಎರಡು ತಿಂಗಳು ಸೂಜಿ ಬೇರೆ. ನಿಮ್ಮಂಥೋರಿಗೆ ಎಷ್ಟು ಸಲ ಅಂತ ಕೊಡಾದು?"

"ಕೊಡ್ರಿ ಸ್ವಾಮಿ. ಈ ಸಲ ತಪ್ಪಿಸಲ್ಲ."

"ಕೊಡಾಣ. ಬೆಂಗಳೂರಿಂದ ಸಂಶೋಧನೆಯೋರು ಬಂದವ್ರೆ. ಔಷಧ ಮಧ್ಯಕ್ಕೆ ಬಿಟ್ಟೋರು ಯಾಕೆ ಬಿಟ್ರು ಅಂತ ಜಿಲ್ಲೆಯೆಲ್ಲಾ ಕೇಳ್ತಾವ್ರೆ. ಲಿಸ್ಟಲ್ಲಿ ನಿನ್ ಮಗಳ ಹೆಸರೈತೆ. ಗುರುವಾರ ಟೀಚರಮ್ಮನ ಮನೆ ಹತ್ರ ಬರ್ತಾರೆ. ಕೇಳಿದ್ದಕ್ಕೆ ಹೇಳಿ, ಫಾರಂಗೆ ಹೆಬ್ಬೆಟ್ಟು ಒತ್ತಿ, ಶುಕ್ರವಾರ ಬಾ. ಪೆಟ್ಟಿಗೆ ಆಮೇಲೆ."

ಗುರುವಾರ ಬಂದವಳು ಸಹನಾ ಅನ್ನುವ ಹುಡುಗಿ. ಚಿತ್ರದುರ್ಗದವಳೇ, ಓದಿದ್ದು ಬೆಂಗಳೂರಲ್ಲಿ. ಮರುಳಸಿದ್ದಮ್ಮ ಅವಳ ಅಡ್ಡಹೆಸರು, ಮಠ, ಮನೆತನ ಎಲ್ಲ ಕೇಳಿ ತಿಳಿದು ನಮ್ಮೋರೇ ಅಂತ ಖುಷಿಪಟ್ಟಳು. ಜಗಲಿಯ ಮೇಲೆ ಕುರ್ಚಿ ಬಂತು. ಕಾಫಿ ಬಂತು. ತಟ್ಟೆಯಲ್ಲಿ ಹುರಿದ ಕಡಲೆಕಾಯಿ ಬೀಜ ಬಂತು. ಓಬವ್ವ, ಅನುಸೂಯ ಕೆಳಗೆ ಅಂಗಳದಲ್ಲಿ ಬಿಸಿಲಿಗೆ ನಿಂತಿದ್ದರು.

"ಕೂತ್ಕೊಳ್ಳಿ ಓಬವ್ವ" ಅಂದಳು ಸಹನಾ. ಎಲ್ಲಿ ಅಂತ ಅವಳಿಗೇ ಗೊತ್ತಿರಲಿಲ್ಲ.

ಪ್ರಶ್ನೆ ಶುರುವಾಯಿತು. ಮನೆಯಲ್ಲಿ ಎಷ್ಟು ಜನ, ಒಲೆ ಯಾವುದು, ಕುಡಿಯುವ ಚಟ ಇದೆಯಾ. ಪ್ರತಿಯೊಂದಕ್ಕೂ ಮರುಳಸಿದ್ದಮ್ಮನೇ ಮುಂಚೆ ಉತ್ತರ ಹೇಳುತ್ತಿದ್ದಳು. ಔಷಧ ಬಿಟ್ಟ ಕಾರಣ ಅಂತ ಸಹನಾ ಓದಿದಾಗಲೂ ಅವಳದೇ ಬಾಯಿ.

"ಏನು ಕಾರಣ ಇರುತ್ತಮ್ಮ? ಸ್ವಲ್ಪ ಹುಷಾರಾದ್ಳು, ಕೊಬ್ಬು ಬಂತು, ಬಿಟ್ಳು. ನಾನು ದಿನಾ ಕಾದು ಕುಂತಿದ್ದೆ. ನನಗೇನು ಇದ್ರಿಂದ ಬರೋದೈತಾ? ಧರ್ಮಕ್ಕೆ ಮಾಡಿದ್ದು."

ಸಹನಾಳ ಪೆನ್ನು ಒಂದು ಅಂಕಿಯ ಸುತ್ತ ತಿರುಗಿತು. ಆಮೇಲೆ ಅವಳು ಇಂಕಿನ ಡಬ್ಬಿ ತೆರೆದು ಜಗಲಿಯ ಅಂಚಿಗೆ ಇಟ್ಟಳು. ಫಾರಂ ಕೂಡ ಇಟ್ಟಳು. ಓಬವ್ವ ಕೈ ಚಾಚಿದಳು. ಹೆಬ್ಬೆರಳಿಗೆ ನೀಲಿ ಹತ್ತಿತು. ನಾಳೆ ಪೆಟ್ಟಿಗೆ ಸಿಗುತ್ತದೆ, ಅಷ್ಟೇ ಅವಳ ತಲೆಯಲ್ಲಿ ಇದ್ದದ್ದು.

ಆಗ ಅನುಸೂಯ, ಅಷ್ಟೊತ್ತೂ ಬಾಯಿಗೆ ಸೆರಗು ಒತ್ತಿ ನಿಂತವಳು, ಕಾಗದದ ಮೇಲೆ ಬಗ್ಗಿ ಓದಿದಳು.

"ಮೂರು. ರೋಗಿಯ ನಿರ್ಲಕ್ಷ್ಯ."

"ಅಂಗಂದ್ರೆ?" ಅಂದಳು ಓಬವ್ವ.

"ಅಸಡ್ಡೆ ಅಂತ ಕಣವ್ವ. ನಂಗೆ ಅಸಡ್ಡೆ ಅಂತ."

ಓಬವ್ವ ಕೈ ಹಿಂದಕ್ಕೆ ಎಳೆದುಕೊಂಡಳು. ಇಂಕು ಹತ್ತಿದ ಬೆರಳನ್ನು ಸೀರೆಗೆ ಒರೆಸಿಕೊಂಡಳು. ಗಟ್ಟಿಯಾಗಿ, ಚರ್ಮ ಕಿತ್ತು ಬರುವ ಹಾಗೆ ಒರೆಸಿಕೊಂಡಳು.

"ಇದುಕ್ಕೆ ಒತ್ತಲ್ಲ ನಾನು."

"ಲೇ ಓಬಿ, ತಲೆ ನೆಟ್ಟಗೈತಾ?" ಮರುಳಸಿದ್ದಮ್ಮ ಎದ್ದು ನಿಂತಳು. "ಒತ್ತದಿದ್ರೆ ನಾಳೆ ಪೆಟ್ಟಿಗೆ ಕೊಡಲ್ಲ. ನಿನ್ ಮಗಳು ಏನಾಗ್ತಾಳೆ ಗೊತ್ತಾ?"

"ಗೊತ್ತೈತೆ. ಇವಳಪ್ಪನ್ನ ಮಣ್ಣಿಗೆ ಇಟ್ಟೋಳು ನಾನೇ." ಓಬವ್ವ ಸಹನಾಳ ಕಡೆ ತಿರುಗಿದಳು. "ಮೇಡಮ್ಮಾರೆ, ನನ್ ಮಗಳು ಹದಿನೆಂಟು ಸಲ ಈ ಅಂಗಳಕ್ಕೆ ಬಂದವ್ಳೆ. ಕೆಮ್ಮು ಇಟ್ಕಂಡು, ಹಳ್ಳ ದಾಟ್ಕಂಡು. ಅಸಡ್ಡೆ ಇದ್ದೋಳು ಹದಿನೆಂಟು ಸಲ ಬರ್ತಾಳಾ? ನೀರು ಎಂಗೆ ಕೊಟ್ರು ಅಂತ ನಿಮ್ ಕಾಗದದಾಗೆ ಕೇಳೈತಾ? ನೋಡ್ರಿ."

ಸಹನಾ ಫಾರಂ ತಿರುವಿದಳು. ಕೇಳಿರಲಿಲ್ಲ. ಹದಿನಾಲ್ಕು ಪುಟದಲ್ಲಿ ನೀರಿನ ಮಾತು ಒಂದು ಕಡೆ ಇತ್ತು, ಅದೂ ನಲ್ಲಿಯದೋ ಬೋರಿನದೋ ಅಂತ ಕೇಳಲು.

ಓಬವ್ವ ಎಲ್ಲವನ್ನೂ ಹೇಳಿದಳು. ಅಂಗಳ, ಬೊಗಸೆ, ಚೊಂಬು, ವಾಂತಿ, ಸಗಣಿ. ಹೇಳುವಾಗ ಅವಳ ಎರಡೂ ಕೈ ಗಾಳಿಯಲ್ಲಿ ಬೊಗಸೆಯಾಗಿ ನಿಂತಿದ್ದವು.

ಮರುಳಸಿದ್ದಮ್ಮ ಕೆಂಡವಾದಳು. "ಸುಳ್ಳು ಅಂತ ನಾನೆಲ್ಲಿ ಅಂದೆ? ಮೇಲಿಂದ ಹುಯ್ದಿದ್ದು ನಿಜ. ಅಂಟುರೋಗ ಕಣಮ್ಮ ಅದು! ರೋಗ ಅಂತ ಹುಯ್ದೆ. ಜಾತಿ ಗೀತಿ ನಂಗೆ ಗೊತ್ತಿಲ್ಲ. ಯಾರು ಬಂದ್ರೂ ಹಂಗೇ ಹುಯ್ತಿದ್ದೆ."

"ಗಂಗಾಧರಪ್ಪಾರಿಗೆ ಹುಯ್ದ್ರಾ?" ಅಂದಳು ಅನುಸೂಯ. ದನಿ ಸಣ್ಣದು, ಗೊಗ್ಗರು.

"ಅವರು ವಯಸ್ಸಾದೋರು!"

ಸಹನಾ ಕುರ್ಚಿಯಿಂದ ಎದ್ದಳು. ತಟ್ಟೆಯಿಂದ ಏಳು ಕಡಲೆಕಾಯಿ ಬೀಜ ಎಣಿಸಿ ತೆಗೆದುಕೊಂಡಳು. ಚಪ್ಪಲಿ ಮೆಟ್ಟಿ ಅಂಗಳಕ್ಕೆ ಇಳಿದು ಅನುಸೂಯಳ ಪಕ್ಕದಲ್ಲಿ ನಿಂತಳು. ಏಳನ್ನೂ ಬಾಯಿಗೆ ಹಾಕಿಕೊಂಡು ಮೇಲಕ್ಕೆ ನೋಡಿ ಎರಡೂ ಕೈ ಬೊಗಸೆ ಮಾಡಿ ಒಡ್ಡಿದಳು. ಪರೀಕ್ಷೆ ಮಾಡಿ ನೋಡೋಣ ಅಂತಲೋ, ಓದಿದ ಹುಡುಗಿಯ ಹಟವೋ, ಅವಳಿಗೇ ಗೊತ್ತು.

ಮರುಳಸಿದ್ದಮ್ಮ ದಡಬಡಿಸಿ ಒಳಗೆ ಓಡಿದಳು. ಹೊರಗೆ ಬಂದಾಗ ಅವಳ ಕೈಯಲ್ಲಿ ಫಳಫಳ ಹೊಳೆಯುವ ಸ್ಟೀಲ್ ಲೋಟ ಇತ್ತು. ಜಗಲಿಯಿಂದ ಕೆಳಗಿಳಿದು ಬಂದು ಸಹನಾಳ ಕೈಗೇ ಹಿಡಿಸಿದಳು.

"ಅಯ್ಯೋ ಶಿವನೇ, ನೀನ್ಯಾಕಮ್ಮ ಬೊಗಸೆ ಒಡ್ತೀಯ! ತಗಾ, ಲೋಟದಾಗೆ ಕುಡಿ. ನೀನೇನು ಅವರಾ?"

ಅಂದ ಮೇಲೆ ಅವಳಿಗೇ ಕೇಳಿಸಿತು. ಸಹನಾ ಬೀಜಗಳನ್ನು ಅಂಗೈಗೆ ಉಗುಳಿಕೊಂಡಳು. ನೀರು ಕುಡಿಯದೆ ಲೋಟವನ್ನು ಜಗಲಿಯ ಅಂಚಿಗೆ ಇಟ್ಟಳು.

"ಇದುನ್ನ ಬರ್ಕಳ್ರಿ" ಅಂದಳು ಓಬವ್ವ. "ಈಗ ಅಂದ್ರಲ್ಲ, ಇದುನ್ನ."

ಸಹನಾ ಅಲ್ಲೇ ಅಂಗಳದಲ್ಲಿ ನೆಲಕ್ಕೆ ಕುಂತಳು. ಮೂರರ ಮೇಲೆ ಗೀಟು ಎಳೆದಳು. ಕೊಟ್ಟ ಕಾರಣಗಳಲ್ಲಿ ಇದು ಯಾವುದೂ ಅಲ್ಲ. 'ಇತರೆ' ಅಂತ ಒಂದಿತ್ತು, ಅದರ ಮುಂದೆ ಅರ್ಧ ಬೆರಳಿನಷ್ಟು ಜಾಗ. ಹಾಗಾಗಿ ಕಾಗದದ ಅಂಚಿನಲ್ಲಿ, ಮೇಲಿಂದ ಕೆಳಗಿನವರೆಗೆ ಸಣ್ಣ ಅಕ್ಷರದಲ್ಲಿ ಬರೆದಳು. ಅನುಸೂಯ ಓದಿ ಹೇಳಿದಳು. ಓಬವ್ವ ಪೂರಾ ಕೇಳಿ, ಎರಡು ಕಡೆ ತಿದ್ದಿಸಿ, ಆಮೇಲೆ ಹೆಬ್ಬೆಟ್ಟು ಒತ್ತಿದಳು.

"ಇದುವರೆಗೆ ಮೂವತ್ತೊಂದು ಜನಕ್ಕೆ ಮೂರು ಹಾಕಿದೀನಿ ಓಬವ್ವ" ಅಂದಳು ಸಹನಾ, ತಲೆ ಎತ್ತದೆ. ಓಬವ್ವ ಬಿಸಿಲಲ್ಲಿ ನಿಂತಿದ್ದ ಮಗಳ ತೋಳು ಹಿಡಿದುಕೊಂಡಳು. ಸಮಾಧಾನ ಹೇಳುವ ಕೆಲಸವನ್ನೂ ತಾನೇ ಯಾಕೆ ಮಾಡಬೇಕು?

ಮರುಳಸಿದ್ದಮ್ಮ ಲೋಟ ಎತ್ತಿಕೊಂಡು ಒಳಗೆ ಹೋಗುತ್ತ, "ಇನ್ನು ಪೆಟ್ಟಿಗೆ ನನ್ ಮನೇಗೆ ಬ್ಯಾಡ. ಡಾಕ್ಟ್ರಿಗೆ ನಾನೇ ಹೇಳ್ತೀನಿ" ಅಂದು ಬಾಗಿಲು ಹಾಕಿದಳು.

ಶುಕ್ರವಾರ ಓಬವ್ವ ಬೆಳಿಗ್ಗೆ ಎಂಟಕ್ಕೇ ಆಸ್ಪತ್ರೆ ಬಾಗಿಲಲ್ಲಿ ಇದ್ದಳು. ಜೊತೆಗೆ ಅನುಸೂಯ, ಪಕ್ಕದ ಮನೆಯ ಕೆಂಚಕ್ಕ. ಕೆಂಚಕ್ಕ ಕಾಲೋನಿಯ ಅರ್ಧ ಮಕ್ಕಳ ಹೆರಿಗೆ ಮಾಡಿಸಿದವಳು. ಡಾಕ್ಟರು ಹತ್ತೂವರೆಗೆ ಬಂದರು. ಸರದಿ ಬರುವ ಹೊತ್ತಿಗೆ ಅನುಸೂಯ ಗೋಡೆ ಹಿಡಿದು ನಿಂತಿದ್ದಳು.

"ಟೀಚರಮ್ಮ ಆಗಲ್ಲ ಅಂದವ್ರೆ. ಪೆಟ್ಟಿಗೆ ಎಲ್ಲಿಡ್ಲಿ? ನಿನ್ ಕೈಗೆ ಕೊಡಂಗಿಲ್ಲ" ಅಂದರು ಪರಮೇಶ್ವರಪ್ಪ.

"ನಮ್ ಕೇರಿಗೆ ಕೊಡ್ರಿ. ಕೆಂಚಕ್ಕನ ಮನೇಲಿಡ್ರಿ."

"ಇವಮ್ಮಂಗೆ ಓದಾಕೆ ಬರುತ್ತಾ?"

"ಗುಳಿಗೆ ನುಂಗಿದ್ಳಾ ಇಲ್ವಾ ಅಂತ ನೋಡಾಕೆ ಕಣ್ಣು ಸಾಕಲ್ಲ ಸ್ವಾಮಿ" ಅಂದಳು ಕೆಂಚಕ್ಕ. "ಓದಾಕೆ ಬರ್ತಿದ್ದೋರ ಮನೇಲಿ ಆಗಿದ್ದು ಗೊತ್ತಾತಲ್ಲ. ಕಾರ್ಡಿನಾಗೆ ಗೀಟು ಹಾಕಾಕೆ ನಂಗೂ ಬರುತ್ತೆ."

ಸಾಲಿನಲ್ಲಿದ್ದ ಯಾರೋ ನಕ್ಕರು. ಡಾಕ್ಟರು ಆಗಲ್ಲ ಅಂದರು. ಓಬವ್ವ ಅವರ ಕೋಣೆಯ ಬಾಗಿಲಿಗೆ ಅಡ್ಡ ಕುಂತಳು. ಏಳು ಅಂದರೆ ಏಳಲಿಲ್ಲ. ಜವಾನ ಬಂದು ಗದರಿದ, ಮುಟ್ಟಲು ಹಿಂದೆ ಮುಂದೆ ನೋಡಿದ. ಒಳಗಿನವರು ಹೊರಗೆ ಬರುವಂತಿಲ್ಲ, ಹೊರಗಿನವರು ಒಳಗೆ ಹೋಗುವಂತಿಲ್ಲ. ಅನುಸೂಯ ಕೆಮ್ಮುತ್ತಲೇ ಇದ್ದಳು. ಮುಕ್ಕಾಲು ಗಂಟೆ ಹೀಗೇ ನಡೆಯಿತು. ಕೊನೆಗೆ ಡಾಕ್ಟರು, "ಏನಾದ್ರೂ ಮಾಡ್ಕಂಡು ಸಾಯ್ರಿ" ಅಂತ ಪೆಟ್ಟಿಗೆ ತರಿಸಿ ಕೆಂಚಕ್ಕನ ಹೆಸರು ಬರೆದುಕೊಂಡರು.

ಪೆಟ್ಟಿಗೆ ಮೇಜಿನ ಮೇಲೆ ಬಂತು. ಜೊತೆಗೆ ಹೊಸ ಕಾರ್ಡು. ಡಾಕ್ಟರು ಹೆಸರು, ವಯಸ್ಸು, ತೂಕ ತುಂಬಿದರು. 'ಹಿಂದೆ ಔಷಧ ಬಿಟ್ಟ ಕಾರಣ' ಅನ್ನುವ ಕಡೆ ಎರಡು ಮಾತು ಬರೆದು ಮುಂದಕ್ಕೆ ತಳ್ಳಿದರು.

"ಏನಂತ ಬರ್ದವ್ರೆ?" ಓಬವ್ವ ಕೇಳಿದಳು.

ಅನುಸೂಯ ಓದಿದಳು. "ರೋಗಿಯ ನಿರ್ಲಕ್ಷ್ಯ."

"ನಿನ್ನೆ ಆಯಮ್ಮ ಅದುನ್ನ ಹೊಡೆದು ಬ್ಯಾರೆ ಬರ್ದಿದ್ರಲ್ಲ ಸ್ವಾಮಿ?"

"ಆ ಹುಡುಗಿ ಅಂಚಲ್ಲೆಲ್ಲಾ ಗೀಚಿ ಕೊಟ್ಟವ್ಳೆ. ಅಂಚಲ್ಲಿ ಬರೆದಿದ್ದು ಕಂಪ್ಯೂಟರಿಗೆ ಹೋಗಲ್ಲಮ್ಮ. ಅಲ್ಲಿ ಮೂರೇ ಹಾಕ್ಕಂತಾರೆ. ತಗಂಡು ನಡೀರಿ, ಹಿಂದೆ ಜನ ಅವ್ರೆ."

ಪೆಟ್ಟಿಗೆ ಸಿಕ್ಕಿತ್ತು. ಎತ್ತಿಕೊಂಡು ಹೋಗಿದ್ದರೆ ಆಗುತ್ತಿತ್ತು. ಕೆಂಚಕ್ಕ ಸೆರಗು ಜಗ್ಗಿದಳು, "ನಡಿ ಹೋಗಾಣ, ಬದುಕಿದ್ರೆ ಸಾಕು" ಅಂದಳು. ಓಬವ್ವ ಸೆರಗು ಬಿಡಿಸಿಕೊಂಡಳು. ಮಗಳು ಬದುಕಬೇಕು, ಖಂಡಿತ ಬದುಕಬೇಕು. ಆದರೆ ಎಂಟು ತಿಂಗಳೂ ಈ ಸುಳ್ಳು ಅವಳ ಹೆಸರಿನ ಕೆಳಗೆ ಇರಬೇಕಾ? ನಾಳೆ ಇನ್ನೊಂದು ಕೇರಿಯ ಇನ್ನೊಂದು ಹುಡುಗಿಯ ಕಾರ್ಡಿನಲ್ಲೂ?

ಅವಳು ಡಾಕ್ಟರ ಮುಂದಿದ್ದ ಪೆನ್ನು ತೆಗೆದುಕೊಂಡು ಮಗಳ ಕೈಗೆ ಕೊಟ್ಟಳು.

"ಬರಿ ಅನ್ಸೂಯ. ಅದುನ್ನ ಹೊಡೆದಾಕು. ಆಗಿದ್ದು ಬರಿ."

"ಏಯ್! ಸರ್ಕಾರಿ ಕಾರ್ಡು ಅದು!" ಪರಮೇಶ್ವರಪ್ಪ ಎದ್ದು ಕಾರ್ಡಿಗೆ ಕೈ ಹಾಕಿದರು.

ಓಬವ್ವ ಎರಡೂ ಅಂಗೈಗಳನ್ನು ಕಾರ್ಡಿನ ಎರಡು ತುದಿಗೆ ಊರಿ ಮೇಜಿಗೆ ಒತ್ತಿ ಹಿಡಿದಳು. ಹದಿನಾಲ್ಕು ವರ್ಷ ಮಟ್ಟೆ ಹೊತ್ತ ಕೈಗಳು. ಡಾಕ್ಟರು ಎಳೆದರು. ಕಾರ್ಡು ಕದಲಲಿಲ್ಲ.

"ಪೆಟ್ಟಿಗೆ ಬೇಕೋ ಬ್ಯಾಡ್ವೋ ನಿನಗೆ?"

"ಪೆಟ್ಟಿಗೇನೂ ಬೇಕು. ಇದೂ ಬೇಕು."

ಅನುಸೂಯ ಬಗ್ಗಿ ಬರೆಯತೊಡಗಿದಳು. ಏಳನೇ ಕ್ಲಾಸಿನ ಮೇಲೆ ಪೆನ್ನು ಹಿಡಿದವಳಲ್ಲ. ನೀರು ಕೈಗೆ ಕೊಡಲಿಲ್ಲ ಅಂತ ಮೊದಲು ಬರೆದಳು. ನಡುವೆ ಕೆಮ್ಮು ಬಂತು, ಮುಖ ತಿರುಗಿಸಿ ಸೆರಗಿಗೆ ಕೆಮ್ಮಿದಳು, ಮತ್ತೆ ಬಗ್ಗಿದಳು. ಸಾಲಿನಲ್ಲಿದ್ದವರೆಲ್ಲ ಬಾಗಿಲಿಗೆ ಬಂದು ಇಣುಕುತ್ತಿದ್ದರು. ಜವಾನ ಕೂಗುತ್ತಿದ್ದ, ಡಾಕ್ಟರು ಕೂಗುತ್ತಿದ್ದರು. ಹುಡುಗಿ ಒಂದೊಂದೇ ಅಕ್ಷರ ಬರೆದು ಮುಗಿಸುವವರೆಗೂ ಓಬವ್ವ ಕೈ ಎತ್ತಲಿಲ್ಲ.